ಇಸವಿ ಬರೆಯದೆ ಬಿಟ್ಟ ಜಾಗ

ನ್ಯೂಬರಿಪೋರ್ಟ್, ಮ್ಯಾಸಚೂಸೆಟ್ಸ್
ಶುಕ್ರವಾರ, 4 ನವೆಂಬರ್ 1796

ಪ್ರೀತಿಯ ಮಗ ಪೆಲೆಗ್,

ಹೇಗಿದ್ದೀಯ? ಎದೆಯ ಕೆಮ್ಮು ಹೋಯಿತೇ? ನಾನು ಹೆಣೆದುಕೊಟ್ಟ ಉಣ್ಣೆ ಅಂಗಿ ಚೀನಾದ ಆ ಕ್ಯಾಂಟನ್ನಿನ ಸೆಕೆಯಲ್ಲಿ ಪೆಟ್ಟಿಗೆಯ ತಳ ಸೇರಿರಬೇಕು, ನನಗೆ ಗೊತ್ತು. ನಿನ್ನ ಹಡಗು ಹೊರಟು ಮೂರು ವರ್ಷ ದಾಟಿತು, ಒಂದು ಸಾಲೂ ಬರೆದಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿದೆ. ಸಿಟ್ಟು ಇರುವವರೆಗೆ ನೀನೂ ಇದ್ದೀಯ ಎಂದುಕೊಂಡು ಅದನ್ನು ಆರಲು ಬಿಟ್ಟಿಲ್ಲ. ಶನಿವಾರ ಕಾಕಂಬಿ ಹಾಕಿ ಕಾಳು ಬೇಯಿಸುವಾಗ ಇವತ್ತಿಗೂ ನಿನ್ನ ಪಾಲಿನ ಒಂದು ಹಿಡಿ ಹೆಚ್ಚೇ ಬೀಳುತ್ತದೆ.

ನಿನ್ನ ಅಪ್ಪ ನ್ಯಾಯಾಧೀಶರ ಕೆಲಸ ಬಿಟ್ಟು ಈಗ ಮಾರ್ಸ್ಡನ್ ವಂಶದ ಚರಿತ್ರೆ ಬರೆಯುತ್ತಿದ್ದಾರೆ. ವಂಶದ ಮೂಲಪುರುಷ, ಮೊದಲ ಪೆಲೆಗ್, ಈ ದೇಶಕ್ಕೆ ಬಂದು ಹಡಗಿನಿಂದ ಇಳಿದಾಗ ಕೈಯಲ್ಲಿದ್ದ ಕಬ್ಬಿಣದ ಮಡಕೆ ಅಪ್ಪನ ಪುಸ್ತಕದಲ್ಲಿ ಆಗಲೇ ಬೆಳ್ಳಿಯದಾಗಿದೆ. ನಕ್ಕರೆ ಮೂತಿ ಊದಿಸುತ್ತಾರೆ. ಒಬ್ಬೊಬ್ಬರ ಹೆಸರಿನ ಮುಂದೆ ಹುಟ್ಟಿದ ಇಸವಿ, ಸತ್ತ ಇಸವಿ. ನಿನ್ನದರಲ್ಲಿ ಎರಡನೆಯದನ್ನೂ ತುಂಬಬೇಕೆಂದು ಅವರ ಹಟ.

ಕಾರಣ ಇಷ್ಟೇ. ಮಂಗಳವಾರ ನಿನ್ನ ತಮ್ಮ ಸೈಲಸನ ಹೆಂಡತಿ ಡಾರ್ಕಸ್‌ಗೆ ಗಂಡು ಮಗುವಾಯಿತು. ಭಾನುವಾರ ಚರ್ಚಿನಲ್ಲಿ ದೀಕ್ಷಾಸ್ನಾನ, ಅಂದೇ ಹೆಸರಿಡಬೇಕು. ನಮ್ಮ ವಂಶದ ಪದ್ಧತಿ ಗೊತ್ತಲ್ಲ, ಮನೆಯಲ್ಲಿ ಸದಾ ಒಬ್ಬ ಪೆಲೆಗ್ ಇರಬೇಕು, ಒಬ್ಬನಿರುವಾಗ ಇನ್ನೊಬ್ಬನಿಗೆ ಆ ಹೆಸರಿಡುವಂತಿಲ್ಲ. ಹೋದವನ ಹೆಸರು ಮುಂದೆ ಹುಟ್ಟಿದವನಿಗೆ. ಮಗುವಿಗೆ ಆ ಹೆಸರಿಟ್ಟರೆ ನೀನು ಹೋದೆ ಎಂದು ನಾನೇ ಒಪ್ಪಿಕೊಂಡ ಹಾಗೆ. ನಿನ್ನ ಕೆಜಾಯಾ ಅತ್ತೆ ಕೇಳಿಯೇಬಿಟ್ಟಳು: "ಹೆಸ್ರೇನು ಬೆಳ್ಳಿ ಲೋಟಾನೇನೇ ಜೆರೂಷಾ, ಕಪಾಟಲ್ಲಿಟ್ಟು ಬೀಗ ಹಾಕೋಕೆ? ಕೂಸಿಗೆ ಕೊಡೇ ಮಾರಾಯ್ತಿ!"

ಅವಳಿಗೇನು ಗೊತ್ತು. ನನಗೆ ಹುಟ್ಟಿದ ಮೊದಲ ಪೆಲೆಗ್ ನೀನಲ್ಲ, ಏಳೇ ವಾರ ಬದುಕಿದ ನಿನ್ನ ಅಣ್ಣ. ನಿನಗೆ ಅವನ ಹೆಸರಿಟ್ಟ ದಿನ ಎಲ್ಲರೂ ನಗುತ್ತಿದ್ದರು, ನಾನು ಮಾತ್ರ ಅವನನ್ನು ಎರಡನೇ ಸಲ ಮಣ್ಣು ಮಾಡಿ ಬಂದಂತಿದ್ದೆ. ಆಮೇಲೆ ಪೆಲೆಗ್ ಎಂದು ಕೂಗಿದಾಗಲೆಲ್ಲ ನೀನೇ ಓಡಿಬರುತ್ತಿದ್ದೆ, ಅವನ ಮುಖವೇ ಮರೆತುಹೋಯಿತು. ನಿನ್ನ ಮುಖ ಮರೆಯಲು ನಾನು ಒಲ್ಲೆ. ಅದಕ್ಕೇ ಹೆಸರು ಕೊಡುವುದಿಲ್ಲ ಎಂದು ಪಟ್ಟು ಹಿಡಿದು ಕೂತಿದ್ದೇನೆ. ಅಪ್ಪ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ.

ದೇವರು ನಿನ್ನನ್ನು ಗಾಳಿ, ನೀರು, ಜ್ವರಗಳಿಂದ ಕಾಯಲಿ. ಬೇಗ ಬಾ ಮಗನೇ, ನಿನ್ನನ್ನು ನೋಡಬೇಕು.

ನಿನ್ನ ಅಮ್ಮ,
ಜೆರೂಷಾ ಮಾರ್ಸ್ಡನ್

ಮತ್ತೊಂದು ಮಾತು, ಭಾನುವಾರ ಮಧ್ಯಾಹ್ನ: ಕ್ಯಾಂಟನ್‌ಗೆ ಹೊರಟ ಕ್ಯಾಪ್ಟನ್ ಈ ಕಾಗದ ಒಯ್ಯಲು ಬಾಗಿಲಲ್ಲೇ ನಿಂತಿದ್ದಾನೆ. ಬೆಳಿಗ್ಗೆ ಡಾರ್ಕಸ್ ಮಗುವನ್ನು ನನ್ನ ಮಡಿಲಲ್ಲಿ ಹಾಕಿ, "ಅತ್ತೆ, ನೀವು ಬ್ಯಾಡ ಅಂದ್ರೆ ಬ್ಯಾರೆ ಹೆಸ್ರಿಡ್ತೀವಿ, ಅಳಬ್ಯಾಡಿ" ಎಂದಳು. ಅದು ನನ್ನ ಬೆರಳು ಹಿಡಿದುಕೊಂಡಿತು. ನನ್ನ ಬಾಯಿಂದಲೇ ಪೆಲೆಗ್ ಎಂದು ಬಂದುಬಿಟ್ಟಿತು. ಹೆಸರು ಕೊಟ್ಟೆ, ಕ್ಷಮಿಸು. ಆದರೆ ಅಪ್ಪ ಚರ್ಚಿನಿಂದ ಬರುವ ಮೊದಲೇ ಅವರ ಪುಸ್ತಕ ತೆಗೆದು, ನಿನ್ನ ಹೆಸರಿನ ಮುಂದಿನ ಖಾಲಿ ಜಾಗದಲ್ಲಿ ಶಾಯಿಯಿಂದ ಬರೆದಿದ್ದೇನೆ: "ಕ್ಯಾಂಟನ್‌ಗೆ ಹೋಗಿದ್ದಾನೆ. ಬರುತ್ತಾನೆ." ವಂಶದ ಚರಿತ್ರೆಯಲ್ಲಿ ಅಮ್ಮ ಸುಳ್ಳು ಬರೆದಳು ಎಂದಾಗಲು ಬಿಡಬೇಡ.