ಊದುಗೊಳವೆಯ ಉಸಿರು

ಅಪ್ಪಾ,

ಅಕ್ಷರ ಸೊಟ್ಟಗಿದೆ, ಕಾಗುಣಿತವೂ ತಪ್ಪಿರಬಹುದು, ಬಯ್ಯಬೇಡ. ಐದನೇ ಕ್ಲಾಸಿಗೆ ಬಿಟ್ಟ ಕೈ ಇದು.

ನಮ್ಮಿಬ್ಬರನ್ನೂ ಆಸ್ಪತ್ರೆಗೆ ಸೇರಿಸಿ, ನಿನ್ನನ್ನು ಕರೆದುಕೊಂಡು ಹೋದ ಆ ಜ್ವರ ನನ್ನನ್ನು ಬಿಟ್ಟು ವರ್ಷವಾದರೂ ಉಸಿರು ಪೂರ್ತಿ ಮರಳಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ. ಬೆಸುಗೆಗೆಂದು ಊದುಗೊಳವೆಯಿಂದ ದೀಪದ ಉರಿಯನ್ನು ಬೆಳ್ಳಿಯ ಮೇಲೆ ಊದಿದರೆ, ಅದು ಕೆಂಪಾಗುವ ಮೊದಲೇ ಕೆಮ್ಮು ಬಂದು ದೀಪ ಆರುತ್ತದೆ.

ನಿನ್ನೆ ಅಣ್ಣ, “ನಿನ್ನ ಕೈಲಾಗಲ್ಲ ಬಿಡೇ, ಅಪ್ಪನ ಜಾಗಕ್ಕೆ ಬೇರೆಯವರನ್ನ ಕೂರಿಸ್ತೀನಿ” ಅಂದ.

“ಅತ್ತಿಗೆ ಕಾಲ್ಗೆಜ್ಜೆ ಮುರಿದಿದೆಯಲ್ಲ, ಮೊದಲು ಅದನ್ನ ಕೊಡು, ಬೆಸೆದು ತೋರಿಸ್ತೀನಿ” ಅಂದೆ.

“ಊದಿ ಊದಿ ನೀನೇ ಬಲೂನ್ ಆಗ್ತೀಯ ನೋಡು!”

ಎದೆಯಿಂದ ಊದಬೇಡ, ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಬಿಡು, ಅಷ್ಟರಲ್ಲಿ ಮೂಗಿನಿಂದ ಎಳೆದುಕೋ ಎಂದು ನೀನು ಹೇಳುತ್ತಿದ್ದೆ. ಆಸ್ಪತ್ರೆಯಲ್ಲಿ ಮಾತು ನಿಂತ ಮೇಲೆ ಪಕ್ಕದ ಮಂಚದಿಂದ ಕೆನ್ನೆ ಉಬ್ಬಿಸಿ ತೋರಿಸಿದ್ದೂ ಅದನ್ನೇ ಇರಬೇಕು. ನನ್ನನ್ನು ನಗಿಸುತ್ತಿದ್ದೀಯ ಅಂದುಕೊಂಡು ನಕ್ಕುಬಿಟ್ಟೆ.

ಇವತ್ತು ಬೆಳಿಗ್ಗೆ ದೀಪ ಆರಿದಾಗಲೆಲ್ಲ ಮತ್ತೆ ಹಚ್ಚಿದೆ. ಕೊನೆಗೆ ಕೆನ್ನೆಯ ಗಾಳಿ ಸಾಕಾಯಿತು, ಬೆಸುಗೆ ಕರಗಿ ಕೂಡಿಕೊಂಡಿತು. ಅತ್ತಿಗೆ ಮನೆಯೆಲ್ಲ ಗೆಜ್ಜೆ ಘಲ್ಲೆನ್ನಿಸಿಕೊಂಡು ಓಡಾಡಿದಳು. “ಸರಿ, ನೀನೇ ಕೂತ್ಕೋ ಮಾರಾಯ್ತಿ” ಅಂದ ಅಣ್ಣ.

ನಿನ್ನ ಮಣೆ ಒರೆಸಿದೆ. ನಿನ್ನ ಎತ್ತರಕ್ಕಿದ್ದ ದೀಪವನ್ನು ನನ್ನ ಬಾಯಿಯ ಎತ್ತರಕ್ಕೆ ಇಳಿಸಿಟ್ಟೆ.