ತಾಳಕ್ಕೆ ಬಿದ್ದ ಕೆಮ್ಮು

ಬೊಂಬಾಯಿ, ೧೪-೧-೧೯೫೮

ಆಲಂಕಾರಿನ ಚೆಂಡೆ ಬಾರಿಸುವ ಭಾವನವರಿಗೆ, ಕೆಮ್ಮುವ ಭಾವಮೈದುನನ ನಮಸ್ಕಾರ.

ನಿನ್ನೆ ನಮ್ಮ ಮ್ಯಾನೇಜರ್ ಸಲ್ಡಾನ್ಹಾರು ನನ್ನನ್ನು ದೊಡ್ಡ ವಾದ್ಯವೃಂದದ ಪಿಯಾನೊ ಕಚೇರಿಗೆ ಕರೆದೊಯ್ದರು. ಬಾಗಿಲಲ್ಲೇ ಎಚ್ಚರಿಸಿದರು: "ನೋಡು ಮಾರಾಯ, ಒಳಗೆ ಕೆಮ್ಮಿದೆಯೋ, ನಾಳೆ ಆಫೀಸಿಗೆ ಬರುದು ಬೇಡ!"

ಪರದೇಶದಿಂದ ಬಂದ ಅತಿಥಿ ನಿರ್ದೇಶಕರು ನಮಗೆ ಬೆನ್ನು ಹಾಕಿ ನಿಂತು, ಒಂದು ಕಡ್ಡಿ ಎತ್ತಿ ಎಂಬತ್ತು ಮಂದಿ ವಾದ್ಯದವರನ್ನು ಸುಮ್ಮನಾಗಿಸಿದರು. ಆ ಮೌನದಲ್ಲಿ ಒಬ್ಬ ಹೆಂಗಸು, ಮಗುವಿನ ಬೆನ್ನು ತಟ್ಟಿದ ಹಾಗೆ, ಮೆಲ್ಲಗೆ ಪಿಯಾನೊ ನುಡಿಸತೊಡಗಿದರು. ಸರಿಯಾಗಿ ಆಗಲೇ ನನ್ನ ಗಂಟಲು ಕೆರೆಯಿತು. ಅಕ್ಕ ಕೆಮ್ಮಿಗೆಂದು ಕಟ್ಟಿಕೊಟ್ಟ ಶುಂಠಿ-ಒಳ್ಳೆಮೆಣಸಿನ ಪುಡಿ ಕೋಣೆಯಲ್ಲೇ ಉಳಿದಿತ್ತು. ಕಣ್ಣಲ್ಲಿ ನೀರು ತುಂಬಿತು. ನಾನು ಸಂಗೀತಕ್ಕೆ ಕರಗಿದೆನೆಂದು ತಿಳಿದು ಪಕ್ಕದ ಪಾರ್ಸಿ ಅಜ್ಜಿ ಕರವಸ್ತ್ರ ಕೊಟ್ಟರು.

ಅಷ್ಟರಲ್ಲಿ, ಬಚ್ಚಲ ಹಂಡೆಯಂಥ ಎರಡು ನಗಾರಿಗಳ ಹಿಂದೆ ನಿಂತವನು ನಿಧಾನವಾಗಿ ಭುಜ ಎತ್ತಿದ. ಭಾವ, ನಿಮ್ಮ ಭುಜ ಹಾಗೆ ಎದ್ದರೆ ಚೆಂಡೆಗೆ ಪೆಟ್ಟು ಬೀಳುವುದು ಯಾವಾಗ ಎಂದು ನನಗೆ ಗೊತ್ತಿಲ್ಲವೇ? ಕಾದೆ. ಅವನ ಕೋಲು ಬಿತ್ತು, ನನ್ನ ಕೆಮ್ಮೂ ಬಿತ್ತು. ಕೂದಲೆಳೆಯಷ್ಟೂ ಹಿಂದುಮುಂದಾಗಲಿಲ್ಲ. ಕೊನೆಗೆ ಚಪ್ಪಾಳೆಗೆ ನಿರ್ದೇಶಕರು ಬಾಗಿದಾಗ ನಾನೂ ಸ್ವಲ್ಪ ಬಾಗಿದೆ.

ಹೊರಗೆ ಬಂದ ಮೇಲೆ ಸಲ್ಡಾನ್ಹಾರು, "ಎಂತ ಮಾರಾಯ, ನಿನ್ನ ಕೆಮ್ಮು ಪೂರಾ ಗುಣ ಆಯ್ತಲ್ಲ!" ಎಂದರು.

ಕಾರ್ಡಿನಲ್ಲಿ ಜಾಗ ಮುಗಿಯಿತು. ಪುಡಿ ಇನ್ನೊಂದು ಪೊಟ್ಟಣ ಬೇಕು. ಕೆಮ್ಮು ಇನ್ನೂ ಉಂಟು, ಆದರೆ ತಾಳ ತಪ್ಪುವುದಿಲ್ಲ ಎಂದು ಅಕ್ಕನಿಗೆ ಹೇಳಿ.

ಕುಕ್ಕಪ್ಪ