ಕತ್ತರಿ ಕೈಯಲ್ಲಿದ್ದಾಗ ಕೇಳಿದ ಸಲಹೆ

ನನ್ನ ಬಾಯಿಬಡುಕಿ ಅಕ್ಕನಿಗೆ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹಾಗೇ ಓದಿಕೋ. ಫೋನಿನಲ್ಲಿ ಕೇಳಿದರೆ 'ನಿನ್ನಿಷ್ಟ ಕಣೇ' ಅಂದು ಇಟ್ಟುಬಿಡುತ್ತೀಯ. ಕಾಗದದ ಮಧ್ಯೆ ನೀನು ಬಾಯಿ ಹಾಕುವಂತಿಲ್ಲ.

ಚರ್ಮದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು, ಕೂದಲಿನ ಬಣ್ಣ, ಶಾಂಪೂ ಯಾವುದೂ ಇನ್ನು ಈ ಕೈಗೆ ಸೋಕಬಾರದಂತೆ. ಗ್ಲೌಸ್ ಹಾಕಿದರೂ ಬೆರಳು ಬಿರಿಯುತ್ತಿವೆ. ಇಪ್ಪತ್ತು ವರ್ಷ ಪಾರ್ಲರಿನಲ್ಲಿ ನಿಂತವಳು ಈಗ ಬೇರೆ ಕೆಲಸ ಹುಡುಕಿಕೊಂಡು ಅ ಆ ಇ ಈಯಿಂದ ಶುರು ಮಾಡಬೇಕು.

ಮೊದಲು ಗಿರಾಕಿಗಳನ್ನೇ ಕೇಳಿದೆ. ಕೂದಲು ಕತ್ತರಿಸುತ್ತ, ಕನ್ನಡಿಯಲ್ಲಿ ಅವರ ಮುಖ ನೋಡುತ್ತ, 'ನಾನು ಡ್ರೈವಿಂಗ್ ಕಲಿಸೋಕೆ ಹೋದ್ರೆ ಹೇಗೆ?' ಅಂದೆ. 'ಅಯ್ಯೋ, ತುಂಬಾ ಒಳ್ಳೇದು' ಅಂದರು. ಮಕ್ಕಳನ್ನು ನೋಡಿಕೊಳ್ಳುವ ಕೆಲಸ? ಅದೂ ಒಳ್ಳೇದು. ಕೇಕ್ ಅಂಗಡಿ? ಅದಂತೂ ಬಹಳ ಒಳ್ಳೇದು. ನಾನು ಹಿಗ್ಗಿ ಹೀರೇಕಾಯಿಯಾದೆ. ಕೊನೆಗೆ ಅನುಮಾನ ಬಂದು, ಕುರ್ಚಿಯಲ್ಲಿ ಕೂತಿದ್ದ ನಿವೃತ್ತ ಹೆಡ್‌ಮಿಸ್ಸಿಗೆ 'ಸರ್ಕಸ್‌ನಲ್ಲಿ ತಂತಿ ಮೇಲೆ ನಡೀಬೇಕು ಅಂತಿದೀನಿ' ಅಂದೆ. ಅವರು ತಲೆ ಅಲ್ಲಾಡಿಸದೆ 'ನಿಮಗೆ ಹೊಂದುತ್ತೆ ಬಿಡಿ' ಅಂದರು! ಕಿವಿ ಪಕ್ಕ ಕತ್ತರಿ ಆಡಿಸುತ್ತಿರುವವಳಿಗೆ ಯಾರು ತಾನೇ ಬೇಡ ಅಂದಾರು? ಕಿವಿ ಉಳಿದರೆ ಸಾಕು ಅವರಿಗೆ.

ಆಮೇಲೆ ವೃತ್ತಿ ಸಲಹೆ ಕೊಡುವವನ ಹತ್ತಿರ ಹೋದೆ. ಜನರ ಜೊತೆ ಇರಲು ಇಷ್ಟವೋ, ಒಬ್ಬರೇ ಇರಲೋ? ಕೈಯಿಂದ ಕೆಲಸ ಮಾಡಲೋ, ಬುದ್ಧಿಯಿಂದಲೋ? ಕೇಳಿ ಕೇಳಿ ನನ್ನ ತಲೆ ತಿಂದ. ಕೊನೆಗೆ ಅವನ ಕಂಪ್ಯೂಟರು ನನಗೆ ಹೇಳಿ ಮಾಡಿಸಿದ ಕೆಲಸ ಅಂತ ತೋರಿಸಿದ್ದು ಕೇಶ ವಿನ್ಯಾಸ. ಎರಡೂ ಅಂಗೈಗಳನ್ನು ಅವನ ಮೇಜಿನ ಮೇಲೆ ಚಾಚಿದೆ. 'ಇದನ್ನ ಮೊದಲೇ ಹೇಳ್ಬೇಕಿತ್ತು ಮೇಡಂ' ಅಂದ. ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದರೆ ನಮ್ಮವರು 'ಸ್ವಲ್ಪ ದಿನ ರೆಸ್ಟ್ ತಗೋ' ಅಂದರು. ರೆಸ್ಟ್ ಒಂದು ಉದ್ಯೋಗವೇನಕ್ಕಾ?

ಇವರೆಲ್ಲ ಹಾಳಾಗಿ ಹೋಗಲಿ. ನಿನಗೇನು ಬಂತು? ನಾನು ಯಾವ ಚಪ್ಪಲಿ ಕೊಳ್ಳಬೇಕು, ನನ್ನ ಮಗಳು ಯಾವ ಸ್ಕೂಲಿಗೆ ಹೋಗಬೇಕು, ಎಲ್ಲಕ್ಕೂ ಕೇಳದೇ ತೀರ್ಪು ಕೊಟ್ಟವಳು ನೀನು. ನಾನು ಓದು ಬಿಟ್ಟು ಮಂಕಾಗಿ ಕೂತಿದ್ದಾಗ 'ಕೈ ಸುಮ್ಮನಿರಲ್ಲ ನಿಂದು, ಕೂದಲು ಕತ್ತರಿಸೋದು ಕಲಿ, ನಡಿ' ಅಂತ ರಟ್ಟೆ ಹಿಡಿದು ಪಾರ್ಲರಿಗೆ ಸೇರಿಸಿದವಳೂ ನೀನೇ. ಈಗ ಹುಟ್ಟಿದ ಮೇಲೆ ಮೊದಲ ಸಲ ನಾನಾಗಿಯೇ ಸಲಹೆ ಕೇಳಿದರೆ ಬಾಯಿಗೆ ಬೀಗ!

ಕಾರಣ ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಹೋದ ಸಲ ಬಂದಾಗ ನನ್ನ ಒಂದೊಂದೇ ಬೆರಳಿಗೆ ಮುಲಾಮು ಹಚ್ಚಿದೆ ನೀನು. ಕೊನೆಗೆ 'ನಾನೇ ಅಲ್ವಾ ತಳ್ಳಿದ್ದು' ಅಂದು ಅಡುಗೆಮನೆಗೆ ಎದ್ದುಹೋದೆ. ಅಲ್ಲಿ ನೀನು ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ನನಗೆ ಕೇಳಿಸಿತು.

ಅಕ್ಕಾ, ಕೈ ಕೆಡಿಸಿದ್ದು ಬಣ್ಣ, ನೀನಲ್ಲ. ಮುಖ ಬಾಡಿಸಿಕೊಂಡು ಬಂದವರು ನನ್ನ ಕುರ್ಚಿಯಿಂದ ನಗುತ್ತ ಎದ್ದು ಹೋಗಿದ್ದಾರೆ. ಆ ಕೆಲಸ ನನಗೆ ಪ್ರಾಣವಾಗಿತ್ತು, ಅದಕ್ಕೇ ಬಿಡುವಾಗ ಇಷ್ಟು ಸಂಕಟ. ನೀನು ತಳ್ಳದಿದ್ದರೆ ಅದು ನನಗೆ ಸಿಗುತ್ತಲೇ ಇರಲಿಲ್ಲ.

ಡ್ರೈವಿಂಗ್ ಸ್ಕೂಲಿನವರು ಕರೆದಿದ್ದಾರೆ, ಹೆಂಗಸರಿಗೆ ಕಲಿಸಲು ಹೆಂಗಸೇ ಬೇಕಂತೆ. ಪಾರ್ಲರಿನ ವ್ಯಾನನ್ನು ವರ್ಷಗಟ್ಟಲೆ ಓಡಿಸಿದವಳು ನಾನು. ಸೋಮವಾರ ಉತ್ತರ ಕೊಡಬೇಕು. ಮನಸ್ಸಿದೆ, ಭಯವೂ ಇದೆ. ನೀನು ಹೂಂ ಅಂದರೆ ಧೈರ್ಯ ಬರುತ್ತದೆ. ಬೇಡ ಅಂದರೆ ನಿನ್ನ ಜೊತೆ ಜಗಳವಾಡುತ್ತ ನನಗೆ ಇದೇ ಬೇಕು ಅನ್ನುವುದು ಗಟ್ಟಿಯಾಗುತ್ತದೆ. ಏನಾದರೂ ಒಂದು ಅನ್ನು. 'ನಿನ್ನಿಷ್ಟ' ಅಂದರೆ ಮಾತ್ರ ನಾನು ಒಬ್ಬಂಟಿಯಾಗಿಬಿಡುತ್ತೇನೆ.

ನಿನ್ನ ಬಾಯಿ ಬೇಗ ಮೊದಲಿನಂತಾಗಲಿ ಎಂದು ಹಾರೈಸುವ,
ನೀನು ತಳ್ಳದೆ ಹೊಸ್ತಿಲು ದಾಟದ ನಿನ್ನ ತಂಗಿ